ರೇಡಿಯೋದ ಬೆನ್ನಿನ ಅಕ್ಷರ

ನಮ್ಮ ಆದೋನಿ ಸೀಮೆಯ ಇತಿಹಾಸ ಅಂದ್ರೆ ಬೆಟ್ಟದ ಕೋಟೆ, ಹತ್ತಿ ಮಾರ್ಕೆಟ್ಟು, ಮಂತ್ರಾಲಯದ ಮಠ ಇಷ್ಟನ್ನೇ ಬರೀತಾರೆ. ಅಟ್ಟದ ಮೇಲೆ ಧೂಳು ಹಿಡಿದು ಕುಂತಿರೋ ಹಳೇ ರೇಡಿಯೋನೂ ಇತಿಹಾಸವೇ. ಅದನ್ನ ಗುಜರಿಯವನಿಗೆ ತೂಕಕ್ಕೆ ಹಾಕುವ ಮುಂಚೆ ಒಂದ್ಸಲ ತಿರುಗಿಸಿ ಬೆನ್ನು ನೋಡ್ರಿ ಅಂತ ಹೇಳೋಕೆ ಇದನ್ನ ಬರೆದೀನಿ.

ಮೊದಲು ಊರಿನ ಸಂಗತಿ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯ್ತು. ಅಲ್ಲೀ ತನಕ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲೂಕುಗಳು ಕರ್ನೂಲಿಗೆ ಸೇರಿದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಹೋಯ್ತು. ಕಚೇರಿಯ ಮಾತು ಬರಬರುತ್ತಾ ತೆಲುಗಾಯ್ತು. ಮನೆ ಮಾತು, ಭಜನೆ, ಬೀಸೋ ಹಾಡು ಕನ್ನಡದಲ್ಲೇ ಉಳಿದವು. ಗಡಿ ಆಚೆಯ ಕನ್ನಡ ದಿನಾ ಮನೆಯೊಳಗೆ ಬರ್ತಿದ್ದುದು ರೇಡಿಯೋದಿಂದ. ಧಾರವಾಡ ನಿಲಯ 1950ರಲ್ಲಿ, ಬೆಂಗಳೂರು 1955ರಲ್ಲಿ, ಕಲಬುರ್ಗಿ 1966ರಲ್ಲಿ ಶುರುವಾದವು. ಹಾಡಿಕೆಯವನಾದ ನಾನು ಧಾರವಾಡದ ಜಾನಪದ ಕೇಳಿ, ನಮ್ಮವ್ವನ ಧಾಟಿ ಅಲ್ಲೂ ಐತಿ ಅಂತ ತಿಳಕೊಂಡೆ.

ಆದ್ರೆ ಎಲ್ಲ ರೇಡಿಯೋದಲ್ಲೂ ಎಲ್ಲಾ ಕೇಳ್ತಿರಲಿಲ್ಲ. ಮೀಡಿಯಂ ವೇವ್ ಹಗಲು ಹೊತ್ತು ನೆಲ ಹಿಡಿದು ಬರುತ್ತೆ, ದೂರ ಹೋದಷ್ಟೂ ಸೊರಗುತ್ತೆ. ಶಾರ್ಟ್ ವೇವ್ ಮೇಲಕ್ಕೆ ಹೋಗಿ, ಆಕಾಶದಲ್ಲಿ ವಿದ್ಯುತ್ ಕಣಗಳಿರೋ ಪದರದಿಂದ ಬಾಗಿ, ನೂರಾರು ಸಾವಿರಾರು ಮೈಲಿ ಆಚೆ ಇಳಿಯುತ್ತೆ. ಸಿಲೋನ್ ಹಾಡು ನಮ್ಮ ಹೊಲದ ತನಕ ಬಂದದ್ದು ಹಂಗೆ. 1957ರ ಅಕ್ಟೋಬರ್ 3ಕ್ಕೆ ಶುರುವಾದ ವಿವಿಧ ಭಾರತಿನೂ ಮೊದಲು ಶಾರ್ಟ್ ವೇವಿನಲ್ಲೇ ಬಂತು. ಬರೀ ಮೀಡಿಯಂ ವೇವ್ ಇದ್ದ ಪೆಟ್ಟಿಗೆಗೆ ಅದು ಸಿಗದು. ಎರಡು ಮೂರು ಬ್ಯಾಂಡ್ ಇದ್ದವರ ಕಟ್ಟೆ ಮೇಲೆ ಜನ ಸೇರೋರು.

ಈಗ ಬೆನ್ನಿನ ಅಕ್ಷರ. ಫಿಲಿಪ್ಸ್ ಕಂಪನಿಯ ಎಷ್ಟೋ ಹಳೇ ವಾಲ್ವ್ ರೇಡಿಯೋಗಳ ಮಾಡೆಲ್ ನಂಬರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ. ‘ಎ’ ಅಂದ್ರೆ ಎಸಿ ಕರೆಂಟಿನದು. ‘ಯು’ ಅಂದ್ರೆ ಎಸಿ, ಡಿಸಿ ಎರಡಕ್ಕೂ ನಡೆಯೋದು. ‘ಬಿ’ ಅಂದ್ರೆ ಬ್ಯಾಟರಿಯದು. ಇಂಥ ಬ್ಯಾಟರಿ ಸೆಟ್ಟಿಗೆ ಸಾಮಾನ್ಯವಾಗಿ 90 ವೋಲ್ಟಿನ ದೊಡ್ಡದೊಂದು, ವಾಲ್ವಿನ ತಂತಿ ಕಾಯಿಸೋಕೆ ಒಂದೂವರೆ ವೋಲ್ಟಿನದೊಂದು, ಹೀಗೆ ಎರಡು ಬೇಕು. ನಿಮ್ಮ ಅಟ್ಟದಲ್ಲಿ ‘ಬಿ’ ಸಿಕ್ಕರೆ, ಅದು ಬಂದಾಗ ಆ ಮನೆಗೆ ಕರೆಂಟು ಇದ್ದಿರಲಿಕ್ಕಿಲ್ಲ ಅಂತ ತಿಳೀರಿ.

ನಿಲಯದವರ ಯಂತ್ರ ಬೇರೆ ಜಾತಿ. ದೆಹಲಿಯಲ್ಲಿ ಓದುವ ಕನ್ನಡ ವಾರ್ತೆಯನ್ನ ನಮ್ಮ ಕಡೆಯ ನಿಲಯಗಳು ಶಾರ್ಟ್ ವೇವಿನಲ್ಲಿ ಹಿಡಿದು ಮತ್ತೆ ಬಿಡ್ತಿದ್ದವು. ಅಂಥ ಕೆಲಸಕ್ಕೆ ಪಕ್ಕದ ನಿಲಯದ ಗದ್ದಲ ಸೋಸುವ ಕಮ್ಯುನಿಕೇಶನ್ ರಿಸೀವರ್ ಬೇಕು. ಎರಡನೇ ಮಹಾಯುದ್ಧದಲ್ಲಿ ಹೆಸರಾದ ಅಮೆರಿಕದ ಆರ್‌ಸಿಎ ಕಂಪನಿಯ ಎಆರ್ 88 ಈ ಜಾತಿಯದು. 14 ವಾಲ್ವು, ಸುಮಾರು 45 ಕಿಲೋ ತೂಕ, ಅಂದ್ರೆ ಹೆಚ್ಚುಕಮ್ಮಿ ಅರ್ಧ ಚೀಲ ಜೋಳ. ಅದರಲ್ಲೂ ಎರಡು ನಮೂನೆ. ‘ಡಿ’ ಅನ್ನೋದು ಮೀಡಿಯಂ ವೇವಿನಿಂದ ಶಾರ್ಟ್ ವೇವಿನ ತನಕ ಹಿಡಿಯುತ್ತೆ. ‘ಎಲ್‌ಎಫ್’ ಅನ್ನೋದು ಲಾಂಗ್ ವೇವ್ ಹಿಡಿಯುತ್ತೆ, ಶಾರ್ಟ್ ವೇವ್ ಹಿಡಿಯುತ್ತೆ, ನಡುವಿನ ಮೀಡಿಯಂ ವೇವನ್ನ ಬಹುಪಾಲು ಬಿಟ್ಟೇಬಿಡುತ್ತೆ. ಮುಖ ಅವಳಿಜವಳಿ, ಕಿವಿ ಬೇರೆ. ಅದೂ ಅಕ್ಷರದಿಂದಲೇ ಗೊತ್ತಾಗೋದು.

ಆಗ ರೇಡಿಯೋ ಇಡೋಕೆ ಪೋಸ್ಟಾಫೀಸಿನಲ್ಲಿ ವರ್ಷಾ ವರ್ಷಾ ಲೈಸೆನ್ಸ್ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ಹೋಯ್ತು. ಪೆಟ್ಟಿಗೆ ಜೊತೆ ಆ ಲೈಸೆನ್ಸ್ ಪುಸ್ತಕ ಸಿಕ್ಕರೆ ಎಸೀಬ್ಯಾಡ್ರಿ. ಮೊಹರಿನಲ್ಲಿ ಊರು, ವರ್ಷ ಇರುತ್ತೆ.

ಮಾಸ್ತರುಗಳಲ್ಲಿ ಒಂದು ಬಿನ್ನಹ. ಮಕ್ಕಳ ಕೈಯಲ್ಲಿ ಮನೆಮನೆ ನೋಡಿಸ್ರಿ. ಮಾಡೆಲ್ ನಂಬರು, ಕೊನೇ ಅಕ್ಷರ, ಎಷ್ಟು ಬ್ಯಾಂಡು, ಯಾರು ಕೊಂಡರು, ಯಾವ ನಿಲಯ ಕೇಳ್ತಿದ್ರು ಅಂತ ಒಂದು ಚೀಟಿ ಬರೆದು ವಾಚನಾಲಯಕ್ಕೆ ಕೊಡಿಸ್ರಿ. ಜಿಲ್ಲೆ ಬದಲಾದ ವರ್ಷ ಪುಸ್ತಕದಲ್ಲಿ ಸಿಗುತ್ತೆ. ಗಡಿ ಈಚೆ ಉಳಿದ ನಮ್ಮ ಮಂದಿ ಕನ್ನಡ ಹೆಂಗೆ ಕೇಳ್ತಾ ಬಂದ್ರು ಅನ್ನೋದು ಈ ಪೆಟ್ಟಿಗೆ ಇಟ್ಟುಕೊಂಡವರ ಬಾಯಲ್ಲೇ ಐತಿ. ಅವರು ಇರೋವಾಗಲೇ ಕೇಳಿ ಬರಕೋಬೇಕು.