ಮಸ್ಕಿ ಕೊಟ್ಟ ಹೆಸರು, ಕಡಲಾಚೆ ಸಿಕ್ಕ ಕಾಲ

ಮೆಡಿಟರೇನಿಯನ್ ಸಮುದ್ರದ ದಂಡೆಗುಂಟ ಪ್ರವಾಸ ಹೋಗುವವರ ದಿನಚರಿ ಸಾಮಾನ್ಯವಾಗಿ ಒಂದೇ ಬಗೆಯದು. ಬೆಳಗಿನ ಹೊತ್ತು ಹಾಳೂರುಗಳು, ಸಂಜೆ ಮರಳ ದಂಡೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹಳೆಯ ಅರಮನೆಯ ಬೀದಿಗಳು ನೀರಿನಡಿ ಮುಳುಗಿವೆ. 1990ರ ದಶಕದಲ್ಲಿ ಮುಳುಗುಗಾರರು ಅಲ್ಲಿಂದ ಶಿಲ್ಪಗಳನ್ನು ಮೇಲೆತ್ತಿದರು. ಅಲ್ಲಿಂದ ಪಶ್ಚಿಮಕ್ಕೆ, ಲಿಬಿಯಾದ ಕರಾವಳಿಯ ಗುಡ್ಡದ ಮೇಲೆ ಸೈರೀನ್ ನಗರದ ಕಂಬಗಳು ನಿಂತಿವೆ. 2023ರ ಸೆಪ್ಟೆಂಬರಿನ ಮಹಾಮಳೆಯಲ್ಲಿ ಆ ಅವಶೇಷಗಳ ನಡುವೆಯೂ ನೀರು ನುಗ್ಗಿತು. ಅದೇ ವರ್ಷದ ಫೆಬ್ರುವರಿಯ ಭೂಕಂಪದಲ್ಲಿ ನೆಲಸಮವಾದ ತುರ್ಕಿಯ ಅಂತಾಕ್ಯ, ಪ್ರಾಚೀನ ಕಾಲದಲ್ಲಿ ಸಿರಿಯಾದ ಗ್ರೀಕ್ ಅರಸರ ಆಂಟಿಯೋಕ್ ಆಗಿತ್ತು.

ಈ ದೂರದ ಊರುಗಳಿಗೂ ರಾಯಚೂರು ಜಿಲ್ಲೆಯ ಮಸ್ಕಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಭಾರತದ ಪ್ರಾಚೀನ ಇತಿಹಾಸಕ್ಕೆ ತಾರೀಖು ಸಿಕ್ಕಿದ್ದು ಆ ಕಡಲ ದಂಡೆಯ ಅರಸರಿಂದ. ಆ ತಾರೀಖಿನ ಚಕ್ರವರ್ತಿಗೆ ಕಲ್ಲಿನ ಮೇಲೆ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ.

ತಾರೀಖಿನ ಕಥೆಯನ್ನು ಮೊದಲು ನೋಡಬೇಕು. ಅಶೋಕನ ಹದಿಮೂರನೆಯ ಬಂಡೆಗಲ್ಲು ಶಾಸನ ಕಳಿಂಗ ಯುದ್ಧದ ಪಶ್ಚಾತ್ತಾಪಕ್ಕೆ ಪ್ರಸಿದ್ಧ. ಅದರಲ್ಲೇ ಇನ್ನೊಂದು ಮಾತೂ ಇದೆ. ತನ್ನ ಧರ್ಮವಿಜಯ ಗಡಿಯಾಚೆಗೂ ಹಬ್ಬಿದೆ ಎನ್ನುತ್ತ ಶಾಸನ ಐವರು ಯವನ ಅರಸರನ್ನು ಹೆಸರಿಸುತ್ತದೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುದರ. ಪ್ರಾಕೃತದ ಬಾಯಲ್ಲಿ ಹೀಗೆ ತಿರುಗಿದ ಈ ಹೆಸರುಗಳು ಸಿರಿಯಾದ ಎರಡನೆಯ ಆಂಟಿಯೋಕಸ್, ಈಜಿಪ್ಟಿನ ಎರಡನೆಯ ಟಾಲೆಮಿ, ಮ್ಯಾಸಿಡೋನಿಯದ ಆಂಟಿಗೋನಸ್, ಸೈರೀನಿನ ಮಗಸ್ ಮತ್ತು ಒಬ್ಬ ಅಲೆಕ್ಸಾಂಡರ್. ಈ ಕೊನೆಯವನು ಎಪಿರಸ್‌ನವನೋ ಕೊರಿಂಥ್‌ನವನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಐವರೂ ಏಕಕಾಲಕ್ಕೆ ಆಳುತ್ತಿದ್ದ ಅವಧಿ ಬಹಳ ಚಿಕ್ಕದು. ಹೇಗೆ ಲೆಕ್ಕ ಹಾಕಿದರೂ ಅದು ಕ್ರಿ.ಪೂ. 261ರಿಂದ 250ರ ಒಳಗೇ ಬರುತ್ತದೆ. ಶಾಸನ ಹೊರಟದ್ದು ಪಟ್ಟಾಭಿಷೇಕವಾದ ಹನ್ನೆರಡು-ಹದಿಮೂರು ವರ್ಷಗಳಿಗೆ ಎಂದು ಹಿಡಿದರೆ ಅಶೋಕನ ಪಟ್ಟ ಕ್ರಿ.ಪೂ. 269-268ರ ಸುಮಾರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಚಂದ್ರಗುಪ್ತ, ಮುಂದಕ್ಕೆ ಶುಂಗ, ಸಾತವಾಹನ. ಶಾಲೆಯ ಪುಸ್ತಕದ ಇಸವಿಗಳಲ್ಲಿ ಬಹುಪಾಲು ಈ ಗೂಟಕ್ಕೆ ಕಟ್ಟಿದ ಹಗ್ಗಗಳೇ.

ಹೆಸರಿನ ಕಥೆ ಇದಕ್ಕಿಂತ ತೊಡಕಿನದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಎಲ್ಲ ಶಾಸನಗಳಲ್ಲೂ ಕಂಡದ್ದು 'ದೇವಾನಂಪಿಯ ಪಿಯದಸಿ' ಎಂಬ ಬಿರುದು ಮಾತ್ರ. ದೇವರಿಗೆ ಪ್ರಿಯನಾದವನು, ಪ್ರಿಯವಾಗಿ ನೋಡುವವನು ಎಂದರೆ ಯಾರು? ಇವನು ಸಿಂಹಳದ ಅರಸನಿರಬೇಕೆಂದು ಪ್ರಿನ್ಸೆಪ್ ಮೊದಲು ಭಾವಿಸಿದ್ದರು. ಸಿಂಹಳದ ಬೌದ್ಧ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್, ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೇ ಎಂದು ತೋರಿಸಿದರು. ವಿದ್ವಾಂಸರು ಒಪ್ಪಿದರು. ಆದರೂ ಅದು ಪುಸ್ತಕದ ಸಾಕ್ಷಿ, ಅದೂ ಅಶೋಕ ಸತ್ತು ಎಷ್ಟೋ ಶತಮಾನಗಳ ಮೇಲೆ ಬರೆದದ್ದು. ಗುಜರಾತಿನ ಜುನಾಗಢದಲ್ಲಿ ಕ್ರಿ.ಶ. 150ರ ರುದ್ರದಾಮನ ಶಾಸನ 'ಅಶೋಕ ಮೌರ್ಯ' ಎಂದು ಹೇಳುತ್ತದೆ. ಪಿಯದಸಿಯ ಮಾತು ಅಲ್ಲಿಲ್ಲ. ಬಿರುದು ಒಂದು ಕಡೆ, ಹೆಸರು ಇನ್ನೊಂದು ಕಡೆ. ಎರಡನ್ನೂ ಕೂಡಿಸುವ ಕಲ್ಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಸಿಗಲೇ ಇಲ್ಲ.

ಸಿಕ್ಕಿದ್ದು 1915ರಲ್ಲಿ, ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯಲ್ಲಿ. ಕಂಡವರು ಪುರಾತತ್ವ ಪಂಡಿತರಲ್ಲ. ಚಿನ್ನದ ಜಾಡು ಹಿಡಿದು ಗುಡ್ಡಗಳನ್ನು ಅಲೆಯುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಶಾಸನವನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಹೊತ್ತಗೆಯೇ ಅದು. 'ದೇವಾನಂಪಿಯಸ ಅಸೋಕಸ' ಎಂಬ ಎರಡು ಪದಗಳು ಆ ಶಾಸನದ ಬೆಲೆಯನ್ನು ನಿರ್ಧರಿಸಿದವು. ದೇವಾನಂಪ್ರಿಯನೆಂದರೆ ಅಶೋಕ ಎಂಬುದಕ್ಕೆ ಇನ್ನು ಸಿಂಹಳದ ಪುಸ್ತಕ ತೆರೆಯುವ ಅಗತ್ಯ ಉಳಿಯಲಿಲ್ಲ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ನಡುವೆ ಮಸ್ಕಿ ಸಿಗುತ್ತದೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಲಿಂಗಸುಗೂರಿನ ಕಡೆ ಸಾಗಿದಂತೆ ಜೋಳ, ತೊಗರಿಯ ಒಣ ಹೊಲಗಳು, ನಡುನಡುವೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಗುಡ್ಡಗಳು. ಅಂಥದೊಂದು ದುರ್ಗದ ಗುಡ್ಡ. ಅದರ ಬಂಡೆಯೊಂದರ ಮೇಲೆ ಶಾಸನವಿದೆ. ದೊಡ್ಡ ಕಂಬ, ಸಿಂಹದ ಶಿಖರ ಇತ್ಯಾದಿಗಳನ್ನು ನೆನೆದು ಬಂದವರಿಗೆ ನಿರಾಶೆಯಾಗಬಹುದು. ಸವೆದ ಕಲ್ಲಿನ ಮೇಲೆ ಎಂಟೇ ಸಾಲು. ಅಕ್ಷರಗಳೂ ಅಲ್ಲಲ್ಲಿ ಮಾಸಿವೆ.

ಸಾಲು ಕಡಿಮೆಯಾದರೂ ಹೇಳುವ ವಿಷಯ ಸಣ್ಣದಲ್ಲ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಗಿಲಾಯಿತು, ಸಂಘವನ್ನು ಸೇರಿ ಈಗ ಹೆಚ್ಚು ಶ್ರದ್ಧೆಯಿಂದ ನಡೆಯುತ್ತಿದ್ದೇನೆ ಎಂದು ಅರಸ ಹೇಳಿಕೊಳ್ಳುತ್ತಾನೆ. ಧರ್ಮದಲ್ಲಿ ತೊಡಗಿದರೆ ಈ ಸಿದ್ಧಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವನಿಗೂ ದಕ್ಕುತ್ತದೆ ಎಂಬುದು ಶಾಸನದ ತಿರುಳು. ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಎಂಬುದು ಆಜ್ಞೆ. ಭಾಷೆ ಪ್ರಾಕೃತ. ಸುತ್ತಲ ದನಗಾಹಿಗಳಿಗೆ, ಗಣಿಯವರಿಗೆ ಆ ಭಾಷೆ ಗೊತ್ತಿತ್ತೆ? ಅಕ್ಷರ ಬಲ್ಲ ಅಧಿಕಾರಿ ಗಟ್ಟಿಯಾಗಿ ಓದಿ, ಸ್ಥಳೀಯ ಮಾತಿನಲ್ಲಿ ಬಿಡಿಸಿ ಹೇಳಿರಬೇಕೆಂದು ಊಹಿಸುವುದೇ ಸರಿ.

ಇಷ್ಟು ದೂರ ಬಂದು ಈ ಬಂಡೆಯ ಮೇಲೇ ಏಕೆ ಬರೆಸಬೇಕಿತ್ತು? ಇದಕ್ಕೆ ಉತ್ತರವನ್ನು ಬಹುಮಟ್ಟಿಗೆ ನೆಲದೊಳಗೆ ಹುಡುಕಬೇಕು. ಬೀಡನ್ ಚಿನ್ನ ಹುಡುಕುತ್ತ ಶಾಸನ ಕಂಡದ್ದು ಆಕಸ್ಮಿಕವೆನಿಸಿದರೂ ಪೂರಾ ಆಕಸ್ಮಿಕವಲ್ಲ. ಮೌರ್ಯರನ್ನೂ ಎಂಜಿನಿಯರರನ್ನೂ ಇಲ್ಲಿಗೆ ಎಳೆದು ತಂದದ್ದು ಒಂದೇ ವಸ್ತುವಿರಬಹುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಆಧುನಿಕ ಗಣಿಗಾರರು ಇಳಿದಾಗ ತಮಗಿಂತ ಮುಂಚೆ ಯಾರೋ 640 ಅಡಿ ಆಳದವರೆಗೆ ಇಳಿದು ಹೋಗಿದ್ದು ಕಂಡುಬಂತು. ಹಳೆಯ ಸುರಂಗದಲ್ಲಿ ಉಳಿದಿದ್ದ ಮರದ ತುಂಡಿನ ಇಂಗಾಲ ಪರೀಕ್ಷೆ ಸುಮಾರು 2000 ವರ್ಷಗಳ ಪ್ರಾಚೀನತೆಯನ್ನು ತೋರಿಸಿತು. ಅಶೋಕನಿಗಿಂತ ಇದು ಒಂದೆರಡು ಶತಮಾನ ಈಚಿನದು ನಿಜ. ಆದರೆ ಅಷ್ಟು ಆಳದ ಗಣಿ ಒಂದು ತಲೆಮಾರಿನಲ್ಲಿ ಆಗುವಂಥದಲ್ಲ. ಮೇಲಿನ ಪದರಗಳನ್ನು ಅಗೆದವರು ಇನ್ನೂ ಹಿಂದಿನವರಿರಲೇಬೇಕು.

ಸಿಡಿಮದ್ದಿಲ್ಲದ ಕಾಲದಲ್ಲಿ ಕಲ್ಲು ಒಡೆಯುತ್ತಿದ್ದ ಬಗೆ ಹೀಗೆ: ಬಂಡೆಗೆ ಒತ್ತಾಗಿ ಸೌದೆ ಒಟ್ಟಿ ಬೆಂಕಿ ಹಾಕುವುದು, ಕಲ್ಲು ಕಾದು ಕೆಂಪಾದಾಗ ನೀರು ಎರಚುವುದು. ಬಿರುಕು ಬಿಟ್ಟ ಕಲ್ಲನ್ನು ಕಿತ್ತು ಮೇಲೆ ತಂದು, ಗುಂಡುಕಲ್ಲಿನಿಂದ ಅರೆದು, ನೀರಿನಲ್ಲಿ ಜಾಲಿಸಿದರೆ ಚಿನ್ನದ ಕಣ ಅಡಿಯಲ್ಲಿ ನಿಲ್ಲುತ್ತದೆ. ಹೇಳುವುದು ಸುಲಭ. 640 ಅಡಿ ಆಳದಲ್ಲಿ ಹೊಗೆ ತುಂಬಿದ ಇಕ್ಕಟ್ಟು ಸುರಂಗದಲ್ಲಿ ಇದನ್ನು ಮಾಡಿದವರು ಯಾರು, ಕೂಲಿಗಳೋ ಗುಲಾಮರೋ, ಎಷ್ಟು ಜನ ಮೇಲೆ ಬರಲಿಲ್ಲ ಎಂಬುದನ್ನು ಯಾವ ಶಾಸನವೂ ಬರೆದಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿಯಾಗಿ ಉಳಿದದ್ದು ಹಟ್ಟಿಯೇ.

ಅಶೋಕನ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿ ಎಂದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಿಂದ ತಿಳಿಯುತ್ತದೆ. ರಾಜಕುಮಾರನೊಬ್ಬ ಅಲ್ಲಿಂದ ಆಳುತ್ತಿದ್ದ. ಆ ಸುವರ್ಣಗಿರಿ ಯಾವುದು? ಕೃಷ್ಣಶಾಸ್ತ್ರಿಗಳು ಮಸ್ಕಿಯ ಕಡೆ ಬೊಟ್ಟು ಮಾಡಿದರು. ಹೆಸರಿನ ಹೋಲಿಕೆ ಹಿಡಿದು ಕೆಲವರು ಕನಕಗಿರಿ ಎಂದರು. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಹದಿಮೂರನೆಯ ಶಾಸನವೂ ಸೇರಿದಂತೆ ದೊಡ್ಡ ಶಾಸನಮಾಲೆ ದೊರೆತ ಮೇಲೆ, ಪಕ್ಕದ ಜೊನ್ನಗಿರಿಯ ವಾದಕ್ಕೆ ಬಲ ಬಂತು. ಅಲ್ಲಿಯೂ ಚಿನ್ನದ ಹಳೆಯ ನೆಲೆಗಳಿವೆ. ಆಡಳಿತಕ್ಕೆ ಸಂಬಂಧಿಸಿದ ದೊಡ್ಡ ಶಾಸನಗಳು ಎಲ್ಲಿವೆಯೋ ರಾಜಧಾನಿ ಅದರ ಸಮೀಪ ಇರುವುದು ಸಹಜವಾದ್ದರಿಂದ ಜೊನ್ನಗಿರಿಯ ಪಕ್ಷ ಹೆಚ್ಚು ತೂಕದ್ದೆನಿಸುತ್ತದೆ. ರಾಜಧಾನಿಯ ಪಟ್ಟ ತಪ್ಪಿದರೂ ಮಸ್ಕಿಗೆ ನಷ್ಟವೇನಿಲ್ಲ.

ಏಕೆಂದರೆ ಮಸ್ಕಿ ಅಶೋಕನಿಂದ ಶುರುವಾದ ಊರಲ್ಲ. ಭೂಗರ್ಭ ತಜ್ಞ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇಲ್ಲಿ ಪ್ರಾಗೈತಿಹಾಸಿಕ ನೆಲೆಯನ್ನು ಗುರುತಿಸಿದ್ದರು. 1930ರ ದಶಕದಲ್ಲಿ ಹೈದರಾಬಾದ್ ಪುರಾತತ್ವ ಇಲಾಖೆ ಅಗೆಯಿತು. 1954ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬಿ.ಕೆ. ಥಾಪರ್ ಅವರು ಕ್ರಮಬದ್ಧವಾಗಿ ಉತ್ಖನನ ನಡೆಸಿ, ಒಂದರ ಮೇಲೊಂದು ನಾಲ್ಕು ಕಾಲದ ಪದರಗಳನ್ನು ಬಿಡಿಸಿದರು: ಅಡಿಯಲ್ಲಿ ನವಶಿಲಾ-ತಾಮ್ರ ಯುಗ, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್‌ಶಿಲಾ ಸಮಾಧಿಯವರು, ಆಮೇಲೆ ಇತಿಹಾಸದ ಆರಂಭಕಾಲ, ಕೊನೆಗೆ ಮಧ್ಯಯುಗ. ತಳದ ಪದರದಲ್ಲಿ ಕಲ್ಲಿನ ಸಣ್ಣ ಅಲಗುಗಳ ಜೊತೆ ಅಗೇಟು, ಕಾರ್ನೀಲಿಯನ್ ಮಣಿಗಳು ದೊರೆತವು. ಶಂಖ-ಚಿಪ್ಪಿನ, ಹವಳದ ಮಣಿಗಳೂ ಇದ್ದವು. ಯಾವ ದಿಕ್ಕಿಗೆ ನಡೆದರೂ ಸಮುದ್ರ ಮುಟ್ಟಲು ಹಲವು ದಿನ ಬೇಕಾದ ಈ ಎರೆಭೂಮಿಗೆ ಕಡಲ ಸರಕು ಅಷ್ಟು ಹಿಂದೆಯೇ ಕೈಯಿಂದ ಕೈಗೆ ದಾಟಿ ಬರುತ್ತಿತ್ತು ಎಂದಾಯಿತು.

ಅದೇ ಜನರ ಬದುಕಿನ ಇನ್ನೊಂದು ಗುರುತು ಬೂದಿಗುಡ್ಡಗಳು. ಲಿಂಗಸುಗೂರು ಸೀಮೆಯ ಗೌಡೂರು, ವಂದಲಿ ಮುಂತಾದ ಕಡೆ ಇವು ಇದ್ದವು. ಹಿಂದೆ ಇವನ್ನು ರಾಕ್ಷಸರು ಸುಟ್ಟ ಜಾಗ, ಯಜ್ಞದ ಬೂದಿ ಎಂದೆಲ್ಲ ಹೇಳುತ್ತಿದ್ದರು. ನವಶಿಲಾ ಯುಗದ ದನಗಾಹಿಗಳು ದೊಡ್ಡಿಯಲ್ಲಿ ಒಟ್ಟಿದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಬಿದ್ದು ಆದವು ಇವು ಎಂದು ಖಚಿತಪಡಿಸಿದವರು ಕೇಂಬ್ರಿಜ್‌ನ ಎಫ್.ಆರ್. ಆಲ್ಚಿನ್. ಮುದಗಲ್ ಸಮೀಪದ ಪಿಕ್ಲಿಹಾಳದಲ್ಲೂ ಅವರು ಅಗೆದರು. ಅಲ್ಲಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಗೂಳಿಗಳು ಈಗಲೂ ಕಾಣಸಿಗುತ್ತವೆ.

ರೋಮ್ ಸಾಮ್ರಾಜ್ಯದ ಒಂದು ಹಾಳುಗೋಡೆ ಬಿದ್ದರೆ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿ. ಬೂದಿಗುಡ್ಡ ಹಾಗಲ್ಲ, ಬಂಡಿಗಟ್ಟಲೆ ಹೊಲಕ್ಕೆ ಗೊಬ್ಬರವಾಗಿ ಹೋದರೂ ಯಾರಿಗೂ ತಿಳಿಯುವುದಿಲ್ಲ. ದಕ್ಷಿಣದ ಹಲವು ಬೂದಿಗುಡ್ಡಗಳು ಹಾಗೆಯೇ ಕರಗಿವೆ. ರೈತನನ್ನು ದೂರುವುದರಲ್ಲಿ ಅರ್ಥವಿಲ್ಲ. ಅದು ಮೂರ್ನಾಲ್ಕು ಸಾವಿರ ವರ್ಷದ ದೊಡ್ಡಿ ಎಂದು ಅವನಿಗೆ ಹೇಳಿದವರು ಯಾರು? ನೀರಾವರಿ ಬಂದಲ್ಲಿ ನೆಲ ಸಮತಟ್ಟು ಮಾಡುವ ಯಂತ್ರವೂ ಬರುತ್ತದೆ. ಬಂಡೆಗಲ್ಲಿಗೆ ಬೆಲೆ ಬಂದಲ್ಲಿ ಕಲ್ಲುಕ್ವಾರಿ ಬರುತ್ತದೆ. ಅಕ್ಷರವಿರುವ ಬಂಡೆಗೆ ಕಾವಲು ಸಿಗುತ್ತದೆ. ಗೂಳಿ ಕೆತ್ತಿದ ಬಂಡೆಗೆ ಅದೃಷ್ಟವೇ ಕಾವಲು.

ನಂತರದ ಇತಿಹಾಸವನ್ನು ಬೇಗ ದಾಟಬಹುದು. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ನಾಡಿಗೆ ಹಳಗನ್ನಡದ ಹೆಸರು ಎಡೆದೊರೆ. ಎರಡು ಹೊಳೆಗಳ ನಡುವಿನದು ಎಂದರ್ಥ. ಮೆಸಪೊಟೇಮಿಯ ಎಂಬ ಗ್ರೀಕ್ ಹೆಸರಿಗೂ ಅದೇ ಅರ್ಥ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಮಸ್ಕಿ 'ಪಿರಿಯ ಮೊಸಂಗಿ'. ರಾಜೇಂದ್ರ ಚೋಳನು ಚಾಲುಕ್ಯ ಜಯಸಿಂಹನೊಡನೆ ಕಾದಿದ ಮುಶಂಗಿ ಇದೇ ಎಂದು ಕೆಲವು ವಿದ್ವಾಂಸರ ಮತ. ಮುಂದೆ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಇದೇ ನೆಲಕ್ಕಾಗಿ ಎರಡು ಶತಮಾನ ಹೊಡೆದಾಡಿದರು. ಮುದಗಲ್ ಕೋಟೆ ಎಷ್ಟು ಸಲ ಕೈ ಬದಲಾಯಿಸಿತೆಂದು ಲೆಕ್ಕ ಇಡುವುದು ಕಷ್ಟ. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವೇ ಕಾರಣವೆಂದು ಫೆರಿಷ್ತಾ ಬರೆದ ಕಥೆ ಚೆನ್ನಾಗಿದೆ. ಆದರೆ ಸೈನ್ಯಗಳನ್ನು ಹೊರಡಿಸಿದ್ದು ಅಕ್ಕಸಾಲಿಗನ ಮಗಳಿಗಿಂತ ನೆಲದ ಫಸಲೂ ನದಿಯ ದಾಟುಗಳೂ ಎನ್ನುವುದೇ ನಂಬಲರ್ಹ. ಲಿಂಗಸುಗೂರು ಬ್ರಿಟಿಷರ ಕಾಲದಲ್ಲಿ ದಂಡಿನ ಊರಾಗಿ, ಜಿಲ್ಲಾ ಕೇಂದ್ರವಾಗಿ ಮೆರೆದು, 1905ರಲ್ಲಿ ಆ ಜಿಲ್ಲೆ ರದ್ದಾದಾಗ ರಾಯಚೂರಿಗೆ ಸೇರಿತು.

ಕಡಲಾಚೆಯ ನಂಟಿಗೆ ಇನ್ನೊಂದು ಕುತೂಹಲದ ಎಳೆಯಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿನ ಕಸದ ದಿಬ್ಬದಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ಅರಸನೂ ಅವನ ಕಡೆಯವರೂ ಅರ್ಥವಾಗದ ಮಾತು ಆಡುತ್ತಾರೆ. ಅದು ಕನ್ನಡವೆಂದು ಹುಲ್ಟ್ಸ್, ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ವಾದಿಸಿದರು. ತುಳು ಎಂದವರಿದ್ದಾರೆ, ಬರೀ ಹಾಸ್ಯದ ಗೊಣಗಾಟ ಎಂದವರೂ ಇದ್ದಾರೆ.

ಮಸ್ಕಿಯ ಮೇಲ್ಮೆ ಈಗ ಒಂಟಿಯಲ್ಲ. 1954ರಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ, 1970ರ ದಶಕದ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳಂಗಳಲ್ಲಿ ಅಶೋಕನ ಹೆಸರಿರುವ ಶಾಸನಗಳು ಬೆಳಕಿಗೆ ಬಂದವು. ಹೆಸರು ಹೇಳುವ ನಾಲ್ಕು ನೆಲೆಗಳಲ್ಲಿ ಮೂರು ಕರ್ನಾಟಕದಲ್ಲೇ, ಅದೂ ಒಂದೇ ನದಿಯ ಎರಡು ಮಗ್ಗುಲಲ್ಲಿ ಇರುವುದು ಗಮನಾರ್ಹ. ಪಾಟಲಿಪುತ್ರದ ಸುತ್ತ ಬಿರುದೊಂದೇ ಸಾಕಿತ್ತು. ಇಷ್ಟು ದೂರದಲ್ಲಿ, ಯಾವ ದೇವಾನಂಪ್ರಿಯ ಎಂದು ಕೇಳುವ ಜನರ ನಡುವೆ, ಹೆಸರು ಹೇಳಬೇಕಾಯಿತೇನೋ. ಭೀಮಾ ತೀರದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯೋ ಅಸೋಕೊ' ಎಂಬ ಬರಹದೊಡನೆ ಅವನ ಶಿಲ್ಪವೂ ದೊರೆತಿದೆ.

ಸಿಂಧನೂರಿನಿಂದ ದಕ್ಷಿಣಕ್ಕೆ ಹೊರಟು ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪ ತಾಲ್ಲೂಕು. ನಿಟ್ಟೂರು, ಉದೆಗೊಳಂ ಎರಡೂ ಅಲ್ಲೇ ಇವೆ. ಬೆಳಿಗ್ಗೆ ಮಸ್ಕಿಯ ಗುಡ್ಡ ಏರಿದವರು ಅದೇ ದಿನ ಅವನ್ನೂ ನೋಡಿಕೊಂಡು ಬಳ್ಳಾರಿ ಸೇರಬಹುದು.