ಸುರಪುರದ ಟೇಲರ್ ಸಾಹೇಬ, ಮೊಂಟಾನಾದ ಖಳರು

ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿಯೇ ಇರುತ್ತೀರಿ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದು ಹದಿನಾರರ ವಯಸ್ಸಿಗೆ ಮುಂಬೈಗೆ ಬಂದು, ಆಮೇಲೆ ಹೈದರಾಬಾದ್ ನಿಜಾಮನ ಸೇವೆಗೆ ಸೇರಿದ. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ನಮ್ಮ ಇತಿಹಾಸದ ಪುಸ್ತಕಗಳು ಟೇಲರನನ್ನು ನೆನೆಯುವುದು ಇಷ್ಟಕ್ಕೇ.

ಆದರೆ ಇಂಗ್ಲಿಷ್ ಓದುವ ಜಗತ್ತಿಗೆ ಅವನು ಗೊತ್ತಿರುವುದು ಬೇರೆ ಕಾರಣಕ್ಕೆ. ಸುರಪುರಕ್ಕೆ ಬರುವ ಮುನ್ನವೇ, 1839ರಲ್ಲಿ, ಅವನ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಲಂಡನ್ನಿನಲ್ಲಿ ಪ್ರಕಟವಾಗಿ ಮನೆಮಾತಾಗಿತ್ತು. ಅಮೀರ್ ಅಲಿ ಎಂಬ ಥಗ್ಗ ತಾನು ಮಾಡಿದ ಕೊಲೆಗಳನ್ನು ಒಂದೊಂದಾಗಿ ಹೇಳುತ್ತ ಹೋಗುವ ಕಥೆ ಅದು. ಇಂದು ನಮ್ಮ ಮಕ್ಕಳು ಕಂಪ್ಯೂಟರ್ ಮುಂದೆ ಕೂತು ಹೊಡೆದುರುಳಿಸುವ ಒಂದು ಬಗೆಯ ಖಳನ ವಂಶಾವಳಿ ಹುಡುಕಿಕೊಂಡು ಹೊರಟರೆ, ಹಾದಿ ಈ ಕಾದಂಬರಿಯ ಹತ್ತಿರ ಬಂದು ನಿಲ್ಲುತ್ತದೆ. ದೂರದ ಹಳ್ಳಿ, ಅಲ್ಲೊಂದು ವಿಚಿತ್ರ ಪಂಥ, ಅದರ ಗುರು, ಅವನು ಹೇಳಿದರೆ ಕೊಲ್ಲಲೂ ಸಾಯಲೂ ತಯಾರಿರುವ ನೂರಾರು ಭಕ್ತರು: ಈ ಅಚ್ಚು ಎಲ್ಲಿ ತಯಾರಾಯಿತು ಎಂಬುದು ನನ್ನ ಪ್ರಶ್ನೆ.

ಕನ್ನಡದಲ್ಲಿ 'ಠಕ್ಕ' ಅಂದರೆ ಮೋಸಗಾರ. ಹಿಂದಿಯ 'ಠಗ್' ಕೂಡ ಮೂಲದಲ್ಲಿ ಅಷ್ಟೇ. ದಾರಿಹೋಕರ ಸ್ನೇಹ ಗಳಿಸಿ, ಕುತ್ತಿಗೆಗೆ ಬಟ್ಟೆ ಬಿಗಿದು ಕೊಂದು ದೋಚುವ ತಂಡಗಳು ಇದ್ದದ್ದು ನಿಜ. ದಕ್ಷಿಣದಲ್ಲಿ ಅವರಿಗೆ ಫಾಂಸಿಗಾರರೆಂಬ ಹೆಸರಿತ್ತು. 1816ರಲ್ಲೇ ಮದ್ರಾಸಿನ ಡಾಕ್ಟರ್ ಶೆರ್‌ವುಡ್ ಎಂಬಾತ ಅವರ ಬಗ್ಗೆ ಲೇಖನ ಬರೆದಿದ್ದ. ಆದರೆ ಅವರೆಲ್ಲ ದೇಶದುದ್ದಕ್ಕೂ ಹಬ್ಬಿದ, ಕಾಳಿಗೆ ನರಬಲಿ ಕೊಡುವ ಒಂದೇ ಗುಪ್ತ ಪಂಥ ಎಂಬ ಚಿತ್ರವನ್ನು ಗಟ್ಟಿಮಾಡಿದವನು ಕಂಪನಿ ಸರ್ಕಾರದ ಅಧಿಕಾರಿ ವಿಲಿಯಂ ಸ್ಲೀಮನ್. ಅವನ ಮುಖ್ಯ ಆಧಾರ, ಸೆರೆಸಿಕ್ಕು ಮಾಫಿಸಾಕ್ಷಿಗಳಾದವರ ಹೇಳಿಕೆಗಳು. ನೇಣು ತಪ್ಪಬೇಕಾದರೆ ಇನ್ನಷ್ಟು ಹೆಸರು ಹೇಳಬೇಕು, ಸಾಹೇಬನಿಗೆ ಬೇಕಾದ ಕಥೆ ಹೇಳಬೇಕು. ಆ ಹೇಳಿಕೆಗಳಲ್ಲೂ ಹಿಂದೂಗಳಿದ್ದರು, ಮುಸಲ್ಮಾನರಿದ್ದರು. ಬರಗಾಲಕ್ಕೋ ಪಾಳೆಯಗಾರನ ಸೈನ್ಯ ಚದುರಿದ್ದಕ್ಕೋ ಈ ದಂಧೆಗಿಳಿದವರಿದ್ದರು. ದರೋಡೆಗೆ ಹೊರಡುವ ಮುನ್ನ ದೇವಿಗೆ ಕೈಮುಗಿಯುವುದು, ಶಕುನ ನೋಡುವುದು ಇತ್ತು. ಆ ಕಾಲದಲ್ಲಿ ಬಿತ್ತನೆಗೆ ಹೊರಟ ರೈತನೂ ಅದನ್ನೇ ಮಾಡುತ್ತಿದ್ದ. ಕಿಮ್ ವ್ಯಾಗ್ನರ್‌ನಂಥ ಇತ್ತೀಚಿನ ಇತಿಹಾಸಕಾರರು ದರೋಡೆ, ಕೊಲೆಗಳನ್ನು ಅಲ್ಲಗಳೆಯುವುದಿಲ್ಲ. 'ಪಂಥ' ಎಂಬ ಭಾಗವನ್ನು ಮಾತ್ರ ಬಲವಾಗಿ ಪ್ರಶ್ನಿಸುತ್ತಾರೆ.

ಈ ಕಥೆಯಿಂದ ಒಂದು ಕಾನೂನೇ ಹುಟ್ಟಿತು. 1836ರ 30ನೇ ಕಾಯಿದೆ ಪ್ರಕಾರ, ಒಬ್ಬ ಥಗ್ಗರ ತಂಡಕ್ಕೆ ಸೇರಿದ್ದನೆಂದು ಸಾಬೀತಾದರೆ ಸಾಕು, ಕಠಿಣ ಜೀವಾವಧಿ ಸಜೆ. ಯಾರನ್ನು ಕೊಂದ, ಎಲ್ಲಿ, ಯಾವಾಗ ಎಂದು ತೋರಿಸಬೇಕಿಲ್ಲ. ಕಾಯಿದೆ ಬರುವ ಮುಂಚೆ ಸೇರಿದ್ದರೂ ಆದೀತು, ಕಂಪನಿಯ ಗಡಿಯಾಚೆ ಸೇರಿದ್ದರೂ ಆದೀತು. 'ಥಗ್' ಎಂದರೆ ಯಾರು ಎಂಬ ವ್ಯಾಖ್ಯಾನವೂ ಅದರಲ್ಲಿರಲಿಲ್ಲ. ಅಪರಾಧಕ್ಕಿಂತ ಗುಂಪು ಮುಖ್ಯವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇದೇ ತರ್ಕವನ್ನು ಹುಟ್ಟಿಗೇ ವಿಸ್ತರಿಸಿತು: ಇಂಥ ಜಾತಿಯಲ್ಲಿ ಹುಟ್ಟಿದವನು ಅಪರಾಧಿ. ಆ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಜಾಗಗಳಿಗೆ ಸೆಟ್ಲ್‌ಮೆಂಟ್ ಎನ್ನುತ್ತಿದ್ದರು. ಹುಬ್ಬಳ್ಳಿಯಲ್ಲೂ ಒಂದಿತ್ತು, ಆ ಬಡಾವಣೆಯನ್ನು ಜನ ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ.

ಕಾಯಿದೆ ಹೋದರೂ ಖಳ ಉಳಿದ. 1939ರ ಹಾಲಿವುಡ್ ಚಿತ್ರ 'ಗಂಗಾ ದಿನ್'ನಲ್ಲಿ ಥಗ್ಗರು ಬಂದರು. 1984ರಲ್ಲಿ ಸ್ಪೀಲ್‌ಬರ್ಗ್‌ನ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಬಂತು. ಅದರಲ್ಲಿ ಎದೆ ಸೀಳಿ ಹೃದಯ ಕೀಳುವ ಥಗ್ಗರ ಪುರೋಹಿತನ ಪಾತ್ರಕ್ಕೆ ನಮ್ಮ ಅಮರೀಶ್ ಪುರಿ. ಭಾರತ ಸರ್ಕಾರದ ಅನುಮತಿ ಸಿಗದೆ ಚಿತ್ರೀಕರಣ ಶ್ರೀಲಂಕಾಕ್ಕೆ ಹೋಯಿತು. ಮರುವರ್ಷ, 1985ರಲ್ಲಿ, ಅಟಾರಿ ಗೇಮ್ಸ್ ಇದೇ ಹೆಸರಿನ ಆರ್ಕೇಡ್ ಆಟ ತಂದಿತು. ಕಾಸು ಹಾಕಿ ಆಡುವ ಹುಡುಗ ಚಾಟಿ ಬೀಸಿ ಥಗ್ಗ ಕಾವಲುಗಾರರನ್ನು ಬೀಳಿಸುತ್ತ, ಸಂಕೋಲೆಯಲ್ಲಿರುವ ಮಕ್ಕಳನ್ನು ಬಿಡಿಸುತ್ತ ಸಾಗಬೇಕು. ಸ್ಲೀಮನ್‌ನ ಕಡತದಿಂದ ಟೇಲರನ ಕಾದಂಬರಿಗೆ, ಅಲ್ಲಿಂದ ಸಿನಿಮಾಕ್ಕೆ, ಸಿನಿಮಾದಿಂದ ಆಟದ ಪೆಟ್ಟಿಗೆಗೆ ಬರಲು ಖಳನಿಗೆ ಸುಮಾರು ನೂರೈವತ್ತು ವರ್ಷ ಹಿಡಿಯಿತು. ಇಂದು ಯಾವ ಆ್ಯಕ್ಷನ್ ಗೇಮ್ ತೆಗೆದರೂ ಬೀದಿಯ ಸಾಮಾನ್ಯ ರೌಡಿಗೆ 'ಥಗ್' ಎಂದೇ ಹೆಸರಿಟ್ಟಿರುವುದು ಕಾಣುತ್ತದೆ.

ನಂತರದ ಆಟಗಳು ದೇಶ ಬದಲಿಸಿದವು, ಅಚ್ಚನ್ನು ಬದಲಿಸಲಿಲ್ಲ. 2005ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿಯ 'ರೆಸಿಡೆಂಟ್ ಈವಿಲ್ 4' ಸ್ಪೇನಿನ ಒಂದು ಹಳ್ಳಿಗೆ ಹೋಯಿತು. ಅಲ್ಲಿ ಲೋಸ್ ಇಲುಮಿನಾದೋಸ್ ಎಂಬ ಪಂಥ. ಪರೋಪಜೀವಿ ಹೊಕ್ಕ ಹಳ್ಳಿಗರು ಕೊಡಲಿ, ಕವೆಗೋಲು ಹಿಡಿದು ಮೇಲೆ ಬೀಳುತ್ತಾರೆ. ಅವರಿಗೆ ಆಟದಲ್ಲಿರುವ ಹೆಸರು 'ಗನಾದೋ', ಸ್ಪ್ಯಾನಿಷ್‌ನಲ್ಲಿ ದನಗಳು ಎಂದರ್ಥ. ಕಥೆ ನಡೆಯುವುದು 2004ರಲ್ಲಿ. 2002ರಲ್ಲೇ ಸ್ಪೇನ್ ಯೂರೋಗೆ ಬದಲಾಗಿತ್ತು, ಆಟದ ಹಳ್ಳಿಯಲ್ಲಿ ಮಾತ್ರ ಇನ್ನೂ ಪೆಸೆಟಾ ಓಡುತ್ತಿರುತ್ತದೆ. ಹಳ್ಳಿ ಎಂದರೆ ಕಾಲ ನಿಂತ ಜಾಗ ಎಂಬ ನಂಬಿಕೆ ಎಷ್ಟು ಆಳದ್ದು ಎನ್ನುವುದಕ್ಕೆ ಇಷ್ಟು ಸಣ್ಣ ವಿವರ ಸಾಕು. 2017ರ 'ಔಟ್‌ಲಾಸ್ಟ್ 2' ಅರಿಜೋನಾದ ಮರುಭೂಮಿಯಲ್ಲಿ ಒಂದು ಕ್ರೈಸ್ತ ಪಂಥದ ಊರನ್ನು ಕಟ್ಟಿತು.

2018ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್‌ನ 'ಫಾರ್ ಕ್ರೈ 5' ಬಂತು. ಈ ಸರಣಿಯ ನಾಲ್ಕನೆಯ ಆಟ 2014ರಲ್ಲಿ ಹಿಮಾಲಯದ ಒಂದು ಕಾಲ್ಪನಿಕ ದೇಶದಲ್ಲಿ ನಡೆದಿತ್ತು. ಐದನೆಯದು ಅಮೆರಿಕದ ಮೊಂಟಾನಾ ರಾಜ್ಯಕ್ಕೇ ಬಂತು. ಹೋಪ್ ಕೌಂಟಿ ಎಂಬ ಕಲ್ಪಿತ ಪ್ರದೇಶ; ಜೋಸೆಫ್ ಸೀಡ್ ಎಂಬ ಬೋಧಕ; ಪ್ರಳಯ ಬರುತ್ತದೆಂದು ನಂಬಿ ಬಂದೂಕು ಕೂಡಿಟ್ಟುಕೊಂಡ ಗಡ್ಡಧಾರಿ ಅನುಯಾಯಿಗಳು. ಖಳರು ತಮ್ಮವರೇ ಆದಾಗ ಅಮೆರಿಕದಲ್ಲಿ ಗದ್ದಲವೆದ್ದಿತು. ಕೆಲವರಿಗೆ ಇದು ಗ್ರಾಮೀಣ ಬಿಳಿಯರ ಅವಹೇಳನವಾಗಿ ಕಂಡಿತು. ಇನ್ನು ಕೆಲವು ವಿಮರ್ಶಕರು, ಆಟ ರಾಜಕೀಯ ಮಾತಾಡಲು ಹೆದರಿದೆ ಎಂದು ದೂರಿದರು. ಅಂಥದೇ ಚಿತ್ರಣ ಭಾರತದ್ದೋ ಸ್ಪೇನಿನದ್ದೋ ಆಗಿದ್ದಾಗ ಅಲ್ಲಿ ಇಷ್ಟು ಚರ್ಚೆ ಆಗಿರಲಿಲ್ಲ.

ಮೊಂಟಾನಾದ ನಿಜವಾದ ಇತಿಹಾಸ ಈ ಆಟಕ್ಕಿಂತ ಸ್ವಾರಸ್ಯಕರ. 1993ರಲ್ಲಿ ಟೆಕ್ಸಾಸ್‌ನ ವೇಕೋ ಬಳಿ ಬ್ರಾಂಚ್ ಡೇವಿಡಿಯನ್ ಪಂಥದವರ ನೆಲೆಯ ಮೇಲೆ ಸರ್ಕಾರ ದಾಳಿ ಮಾಡಿತು. ಮೊದಲ ದಿನವೇ ನಾಲ್ವರು ಅಧಿಕಾರಿಗಳು, ಆರು ಜನ ಪಂಥದವರು ಸತ್ತರು. 51 ದಿನದ ಮುತ್ತಿಗೆ ಬೆಂಕಿಯಲ್ಲಿ ಮುಗಿದು ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಮಂದಿ ಬಲಿಯಾದರು. ಎರಡು ವರ್ಷದ ನಂತರ ಅದೇ ಏಪ್ರಿಲ್ 19ರಂದು, ಸೇಡಿಗಾಗಿ ಟಿಮೊಥಿ ಮ್ಯಾಕ್‌ವೇ ಒಕ್ಲಹೋಮಾ ನಗರದಲ್ಲಿ ಬಾಂಬಿಟ್ಟು 168 ಜನರನ್ನು ಕೊಂದ. 1996ರಲ್ಲಿ ಮೊಂಟಾನಾದ ಜೋರ್ಡಾನ್ ಎಂಬ ಊರಿನ ಹತ್ತಿರ 'ಫ್ರೀಮೆನ್' ಎಂಬ ಗುಂಪು, ಫೆಡರಲ್ ಸರ್ಕಾರದ ಅಧಿಕಾರವನ್ನೇ ಒಪ್ಪದೆ, ಬಂದೂಕು ಹಿಡಿದು ಒಂದು ಫಾರ್ಮ್‌ನಲ್ಲಿ ಕೂತಿತು. ಎಫ್‌ಬಿಐ ಈ ಬಾರಿ ನುಗ್ಗಲಿಲ್ಲ. ದೂರ ನಿಂತು ಕಾಯಿತು, ಮಧ್ಯಸ್ಥರನ್ನು ಕಳಿಸಿತು. 81 ದಿನಗಳ ನಂತರ ಒಂದು ಗುಂಡೂ ಹಾರದೆ ಎಲ್ಲರೂ ಶರಣಾದರು. ಆದರೆ 81 ದಿನ ಕಾಯುವುದನ್ನು ಆಟ ಮಾಡಿ ಮಾರುವುದು ಹೇಗೆ?

ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳಲ್ಲೇ ದಿನ ಕಳೆಯುವ ನನಗೆ ಇದರ ಲೆಕ್ಕಾಚಾರ ಅರ್ಥವಾಗುತ್ತದೆ. ಶೂಟಿಂಗ್ ಗೇಮ್‌ಗೆ ನೂರಾರು ಶತ್ರುಗಳು ಬೇಕು. ಒಬ್ಬೊಬ್ಬನಿಗೂ ಬೇರೆ ಮುಖ, ಬೇರೆ ನಡೆ, ಬೇರೆ ಮಾತು ಕೊಟ್ಟರೆ ಬಜೆಟ್ ಮುಗಿಯುತ್ತದೆ. ಎಲ್ಲರೂ ಒಂದೇ ಪಂಥದವರಾದರೆ ಒಂದೇ ಉಡುಪು, ನಾಲ್ಕೈದು ಮುಖ, ಹತ್ತಿಪ್ಪತ್ತು ಘೋಷಣೆಗಳಲ್ಲಿ ಕೆಲಸ ಮುಗಿಯಿತು. ಪ್ರಾಣಭಯವಿಲ್ಲದೆ ಗುಂಡಿಗೆ ಎದುರಾಗಿ ಯಾಕೆ ಓಡಿಬರುತ್ತಾರೆ? ಮತಾಂಧರು, ಅದಕ್ಕೆ. ಪೊಲೀಸರು ಯಾಕಿಲ್ಲ, ಫೋನ್ ಯಾಕಿಲ್ಲ? ಹಳ್ಳಿ, ಅದಕ್ಕೆ. ಮ್ಯಾಪ್ ಎಲ್ಲಿ ಮುಗಿಯಬೇಕು? ಬೆಟ್ಟ, ಕಾಡು ಇದೆಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊಂದವನಿಗೆ ಪಾಪಪ್ರಜ್ಞೆ ಕಾಡಬಾರದು. ಇದರ ಹಿಂದೆ ಸಂಚೇನೂ ಇರಬೇಕಿಲ್ಲ, ಅನುಕೂಲವಿದೆ. ಸ್ಲೀಮನ್‌ನಿಗೂ ಅದೇ ಅನುಕೂಲವಿತ್ತು: ಸಾವಿರಾರು ಜನರನ್ನು ಒಬ್ಬೊಬ್ಬರಾಗಿ ವಿಚಾರಿಸುವುದಕ್ಕಿಂತ ಒಂದೇ ಪಂಥ ಎಂದುಬಿಡುವುದು ಸುಲಭ.

ನಿಜವಾದ ಪಂಥಗಳ ಸದಸ್ಯರ ಪಟ್ಟಿ ತೆಗೆದರೆ ಈ ಚಿತ್ರ ನಿಲ್ಲುವುದಿಲ್ಲ. 1978ರ ನವೆಂಬರ್ 18ರಂದು ಗಯಾನಾದ ಜೋನ್ಸ್‌ಟೌನ್ ದುರಂತದಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಸಯನೈಡ್ ಬೆರೆಸಿದ ಪಾನೀಯದಿಂದ. ಅವರು ಕಾಡಿನ ಜನರಲ್ಲ. ಬಹುಪಾಲು ಕ್ಯಾಲಿಫೋರ್ನಿಯಾದ ನಗರಗಳಿಂದ ಹೋದವರು. ವೇಕೋದಲ್ಲಿ ಸತ್ತವರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಓದಿದ ವಕೀಲನೊಬ್ಬನಿದ್ದ. ನಾನಿರುವ ಪುಣೆಯ ಕೋರೆಗಾಂವ್ ಪಾರ್ಕ್‌ನಿಂದಲೇ 1981ರಲ್ಲಿ ರಜನೀಶ್ ಅಮೆರಿಕಕ್ಕೆ ಹೋದದ್ದು. ಒರೆಗಾನ್‌ನ ಹಳ್ಳಿಗಾಡಿನಲ್ಲಿ ರಜನೀಶ್‌ಪುರಂ ಎದ್ದಿತು. 1984ರಲ್ಲಿ ಚುನಾವಣೆ ಗೆಲ್ಲಲೆಂದು ಆಶ್ರಮದ ಒಳಗುಂಪೊಂದು ದ ಡ್ಯಾಲ್ಸ್ ಪಟ್ಟಣದ ಹೋಟೆಲುಗಳ ಸಲಾಡ್‌ಗೆ ಸಾಲ್ಮೊನೆಲ್ಲಾ ಬೆರೆಸಿತು. 751 ಮಂದಿ ಕಾಯಿಲೆ ಬಿದ್ದರು. ಅಲ್ಲಿ ವಿಷ ಬೆರೆಸಿದವರು ಓದಿದ ಹೊರಗಿನವರು, ತಿಂದು ಮಲಗಿದವರು ಸ್ಥಳೀಯರು. ಆಟದಲ್ಲಿ ಎಲ್ಲವೂ ತಿರುಗುಮುರುಗು.

ನಮ್ಮ ವೃತ್ತಿಗೆ ಇನ್ನೂ ಹತ್ತಿರದ್ದು ಜಪಾನಿನ ಓಮ್ ಶಿನ್ರಿಕ್ಯೊ. 1995ರ ಮಾರ್ಚ್ 20ರಂದು ಟೋಕಿಯೊ ಮೆಟ್ರೊದಲ್ಲಿ ಸರಿನ್ ಅನಿಲ ಬಿಟ್ಟವರಲ್ಲಿ ಹೃದಯತಜ್ಞ ವೈದ್ಯನಿದ್ದ, ಭೌತಶಾಸ್ತ್ರ ಓದಿದವರಿದ್ದರು. ಆ ಪಂಥ ಕಂಪ್ಯೂಟರ್ ಅಂಗಡಿಗಳನ್ನು ನಡೆಸುತ್ತಿತ್ತು. 2000ದಲ್ಲಿ ಬಯಲಾದಂತೆ, ಅದರೊಂದಿಗೆ ನಂಟಿದ್ದ ಕಂಪನಿಗಳು ರಕ್ಷಣಾ ಇಲಾಖೆಯೂ ಸೇರಿ ಹಲವು ಕಚೇರಿಗಳಿಗೆ ಸಬ್‌ಕಾಂಟ್ರಾಕ್ಟ್ ಮೇಲೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದವು. ಸಬ್‌ಕಾಂಟ್ರಾಕ್ಟ್ ತಂಡದವರು ಯಾರೆಂದು ವಿಚಾರಿಸದೆ ಕೋಡ್ ತೆಗೆದುಕೊಳ್ಳುವುದು ನಮಗೆಲ್ಲ ಗೊತ್ತಿರುವ ಸಂಗತಿಯೇ.

'ಆಟ ತಾನೇ, ಇಷ್ಟೆಲ್ಲ ಯಾಕೆ' ಎಂದು ನೀವು ಕೇಳಬಹುದು. ಆಟ ಆಡಿದ ಹುಡುಗ ಹಳ್ಳಿಗರನ್ನು ಕೊಲ್ಲಲು ಹೊರಡುತ್ತಾನೆಂದು ನಾನು ಹೇಳುತ್ತಿಲ್ಲ. ನನ್ನ ಆತಂಕ 1836ರ ತರ್ಕದ ಬಗ್ಗೆ. ಫಾರ್ ಕ್ರೈ 5 ಬಂದ 2018ರಲ್ಲೇ, ಮೇ ತಿಂಗಳಲ್ಲಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್‌ಗೂ ಅದೇ ಗತಿಯಾಯಿತು. ಒಂದು ಮಹಾನಗರದ ನಡುಮಧ್ಯೆ, ಇನ್ನೊಂದು ಹಳ್ಳಿಯಲ್ಲಿ. ಎರಡೂ ಕಡೆ ವಾಟ್ಸಾಪ್ ಹೇಳಿದ್ದು ಒಂದೇ: ಊರೂರಿಗೆ ಒಂದು ತಂಡ ಬಂದಿದೆ. ಆ ಮನುಷ್ಯ ಏನು ಮಾಡಿದ್ದಾನೆ ಎಂದು ಯಾರೂ ಕೇಳಲಿಲ್ಲ. ತಂಡದವನಂತೆ ಕಂಡ, ಅಷ್ಟೇ. ಸ್ಲೀಮನ್‌ಗೆ ಕನಿಷ್ಠ ಒಂದು ನ್ಯಾಯಾಲಯದ ನೆಪವಿತ್ತು. ಊರು ಬಿಟ್ಟು ಪರಸ್ಥಳದಲ್ಲಿ ಬದುಕುವ ನಮ್ಮಂಥವರು ಯಾವುದೋ ಒಂದು ಬೀದಿಯಲ್ಲಿ ಆ ಅಪರಿಚಿತನೇ ಆಗಿರುತ್ತೇವೆ ಎಂಬುದನ್ನು ಮರೆಯಲಾಗದು.

ಟೇಲರನ ಬದುಕಿನಲ್ಲೇ ಇದಕ್ಕೊಂದು ಉತ್ತರವಿದೆಯೆಂದು ನನಗೆ ಅನ್ನಿಸುತ್ತದೆ. ಮಾಫಿಸಾಕ್ಷಿಗಳ ಹೇಳಿಕೆಗಳ ಮೂಲಕ ಕಂಡ ಜನ ಅವನಿಗೆ ಪಂಥವಾಗಿ ಕಂಡರು. ಸುರಪುರದ ಬೇಡರ ನಡುವೆ ಹತ್ತಕ್ಕೂ ಹೆಚ್ಚು ವರ್ಷ ಬಾಳಿದ. ಆ ಜನರೂ ಕಂಪನಿಯ ಕಣ್ಣಿಗೆ ಒರಟರು, ಕಾದಾಡುವವರು. ಆದರೆ ಅವನ ಆತ್ಮಕಥೆಯಲ್ಲಿ ಅವರಿಗೆ ಹೆಸರಿದೆ, ಸಿಟ್ಟಿದೆ, ಮಾತಿಗೆ ಬೆಲೆಯಿದೆ. 1858ರಲ್ಲಿ ಬಂಡಾಯಕ್ಕಾಗಿ ಸೆರೆಯಾದ ವೆಂಕಟಪ್ಪ ನಾಯಕನನ್ನು ಅವನು ಜೈಲಿಗೆ ಹೋಗಿ ಕಂಡ. ಶಿಕ್ಷೆ ನಾಲ್ಕು ವರ್ಷಕ್ಕೆ ಇಳಿದರೂ ಆ ತರುಣ ರಾಜ ಅದೇ ವರ್ಷ ಗುಂಡೇಟಿನಿಂದ ಸತ್ತ. ಬಂಡಾಯಗಾರನೆಂದು ಸರ್ಕಾರ ಬರೆದುಕೊಂಡವನ ಬಗ್ಗೆ ಟೇಲರ್ ಮಗನನ್ನು ಕಳೆದುಕೊಂಡವನಂತೆ ಬರೆದಿದ್ದಾನೆ.

ಫಾರ್ ಕ್ರೈ 5ರ ಆರಂಭದಲ್ಲಿ ಒಂದು ದೃಶ್ಯವಿದೆ. ಚರ್ಚಿನಲ್ಲಿ ಜೋಸೆಫ್ ಸೀಡ್ ಎರಡೂ ಕೈ ಚಾಚಿ ನಿಂತಿರುತ್ತಾನೆ. ಆಡುವವನು ಬೇಡಿ ತೊಡಿಸಬೇಕು. ತೊಡಿಸದೆ ಒಂದಿಷ್ಟು ಹೊತ್ತು ಸುಮ್ಮನೆ ನಿಂತರೆ, ಪೊಲೀಸರು ಹಿಂದಿರುಗಿ ಹೊರಡುತ್ತಾರೆ, ಆಟ ಅಲ್ಲಿಗೇ ಮುಗಿಯುತ್ತದೆ. ಸಾವಿರಾರು ರೂಪಾಯಿ ಕೊಟ್ಟ ಆಟ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಲಿ ಎಂದು ಯಾರೂ ಬಯಸುವುದಿಲ್ಲ, ನಿಜ. ಆದರೂ ನಿಮ್ಮ ಮನೆಯಲ್ಲಿ ಮಕ್ಕಳು ಈ ಆಟ ಆಡುತ್ತಿದ್ದರೆ ಒಮ್ಮೆ ಹಾಗೆ ಸುಮ್ಮನೆ ನಿಂತು ನೋಡಲು ಹೇಳಿ. ಆಮೇಲೆ ಜೋರ್ಡಾನ್ ಎಂಬ ಊರಿನ ಆ 81 ದಿನಗಳ ಕಥೆ ಹೇಳಿ. ಸುರಪುರದ ಕಥೆಯನ್ನೂ ಹೇಳಿ.