ಒರೆಗಲ್ಲಿಗೆ ಬಂದ ಸರ್ಪಗಂಧ

ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಊರಿನಿಂದ ಬಂದ ಬೇರನ್ನೂ ಪಾರ್ಲೆಯ ಪೇಟೆಯಲ್ಲಿ ಕೊಂಡ ಚೂರ್ಣವನ್ನೂ ನಾವು ಅಳತೆ ಕೇಳದೆ ನಂಬುತ್ತೇವೆ. ಇಂಥ ನಂಬಿಕೆಯೊಂದು ಒರೆಗಲ್ಲಿಗೆ ಬಂದ ಚರಿತ್ರೆಯಲ್ಲಿ ನಮ್ಮ ಮುಂಬಯಿಗೆ ದೊಡ್ಡ ಪಾಲಿದೆ. ಅದು ಸರ್ಪಗಂಧದ ಕಥೆ.

ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಪಶ್ಚಿಮಘಟ್ಟದ ನೆರಳಿನಲ್ಲೂ ಬೆಳೆಯುವ ಚಿಕ್ಕ ಗಿಡ. ಹಾವು ಕಚ್ಚಿದವರಿಗೆ ಇದರ ಬೇರನ್ನು ಕೊಡುತ್ತಿದ್ದರು. ಬಿಹಾರದ ಕಡೆ ಇದು ಹುಚ್ಚಿನ ಮದ್ದೆಂದೇ ಪ್ರಸಿದ್ಧ. ಬೇರಿನ ಚೂರ್ಣ ರಕ್ತದೊತ್ತಡವನ್ನು ಇಳಿಸುತ್ತದೆ, ಮನಸ್ಸನ್ನು ಶಾಂತಗೊಳಿಸುತ್ತದೆ ಎಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಪ್ರಕಟಿಸಿದರು.

ಒಬ್ಬಿಬ್ಬರಿಗೆ ಗುಣವಾಯಿತೆಂದರೆ ಅದು ಪುರಾವೆಯಾಗದು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು 50 ರೋಗಿಗಳಿಗೆ ಈ ಮದ್ದನ್ನು ಕೊಟ್ಟು, ಅದಕ್ಕೆ ಮುಂಚಿನ ಹಾಗೂ ನಂತರದ ರಕ್ತದೊತ್ತಡವನ್ನು ಅಳೆದು, 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಲೇಖನ ಬರೆದರು. ಪಶ್ಚಿಮದ ವೈದ್ಯರ ಗಮನ ಈ ಬೇರಿನತ್ತ ಹರಿದದ್ದು ಅಂದಿನಿಂದ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು.

ಗುಣ ತಿಳಿಯಲು ಕೆಲವು ವಾರಗಳು ಸಾಕಾದವು. ದೋಷ ತಿಳಿಯಲು ವರ್ಷಗಳೇ ಬೇಕಾದವು. ನರಗಳ ತುದಿಯಲ್ಲಿ ಶೇಖರವಾಗಿರುವ ಕೆಲವು ರಾಸಾಯನಿಕಗಳನ್ನು ರೆಸರ್ಪಿನ್ ಬರಿದು ಮಾಡುತ್ತದೆ. ರಕ್ತದೊತ್ತಡ ಇಳಿಯುವುದು ಇದರಿಂದಲೇ. ಆದರೆ ಮಿದುಳಿನಲ್ಲೂ ಅದೇ ಕೆಲಸ ನಡೆಯುತ್ತದೆ. ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಸೇವಿಸಿದ ಕೆಲವರು ಖಿನ್ನತೆಗೆ ಒಳಗಾದುದನ್ನು 1954ರಲ್ಲಿ ಅಮೆರಿಕದ ಡಾ. ಎಡ್ವರ್ಡ್ ಫ್ರೈಸ್ ವರದಿ ಮಾಡಿದರು. 1974ರಲ್ಲಿ ಸ್ತನದ ಕ್ಯಾನ್ಸರಿನ ಸಂಶಯವೂ ಎದ್ದಿತು. ಮುಂದಿನ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ.

ಇಲ್ಲಿ ಗಮನಿಸಬೇಕಾದುದೊಂದಿದೆ. ಮದ್ದಿನ ಕೆಡುಕನ್ನು ಬರೆದಿಟ್ಟ ಫ್ರೈಸರೇ ಅದನ್ನು ಕೈಬಿಡಲಿಲ್ಲ. ರೆಸರ್ಪಿನ್ನನ್ನು ಅಲ್ಪ ಪ್ರಮಾಣದಲ್ಲಿ, ಬೇರೆರಡು ಔಷಧಿಗಳೊಡನೆ ಸೇರಿಸಿ, ತೀವ್ರ ರಕ್ತದೊತ್ತಡವಿದ್ದ 143 ಗಂಡಸರಲ್ಲಿ ಅವರ ತಂಡ ಪರೀಕ್ಷೆ ನಡೆಸಿತು. 1967ರಲ್ಲಿ ಫಲಿತಾಂಶ ಹೊರಬಿತ್ತು: ಹುಸಿಗುಳಿಗೆ ನುಂಗಿದ 70 ಜನರಲ್ಲಿ 27 ಮಂದಿಗೆ ಗಂಡಾಂತರ ಒದಗಿದ್ದರೆ, ಔಷಧಿ ಪಡೆದ 73 ಜನರಲ್ಲಿ ಇಬ್ಬರಿಗೆ ಮಾತ್ರ. ರಕ್ತದೊತ್ತಡ ಇಳಿಸಿದರೆ ಜೀವ ಉಳಿಯುತ್ತದೆಂದು ಜಗತ್ತಿಗೆ ಖಚಿತವಾಗುವಲ್ಲಿ ನಮ್ಮ ಬೇರೂ ಪಾಲುಗೊಂಡಿತ್ತು. ದೋಷವನ್ನು ಹುಡುಕಿದವರು ಮೂಲಿಕೆಯ ವೈರಿಗಳಾಗಿರಲಿಲ್ಲ. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ತಿಳಿದದ್ದು ಅವರಿಂದಲೇ.

ಈ ಪಾಠ ಇಂದಿಗೂ ಹಳತಾಗಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ, ಅದನ್ನು ಸೇವಿಸಿದ 6 ಜನರ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನೊಪ್ಪಲಿಲ್ಲ. ಅವರು ಸೇವಿಸಿದ ಮೂಲಿಕೆ ಯಾವುದೆಂದೇ ಪರೀಕ್ಷಿಸಿಲ್ಲವೆಂದು ಆಕ್ಷೇಪಿಸಿತು. ವಾದ ಏನೇ ಇರಲಿ, ಎರಡೂ ಕಡೆಯವರು ಕೇಳಿದ್ದು ಪರೀಕ್ಷೆಯನ್ನೇ.

ಅಲ್ಲಿಯವರೆಗೆ ನಾವು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ವೈದ್ಯರು ‘ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿದಾಗ, ಕಷಾಯದ ಹೆಸರನ್ನೂ ಮರೆಯದೆ ಹೇಳೋಣ.